ಮೂರು ಶಬ್ದದಷ್ಟು ಜಾಗ

ಪುಣೆ, ಸದಾಶಿವ ಪೇಠ
೬ ಡಿಸೆಂಬರ್ ೧೯೯೮

ಸೌಭಾಗ್ಯವತಿ ತ್ರಿವೇಣಿಯವರಿಗೆ, ಬಸವಲಿಂಗನ ನಮಸ್ಕಾರಗಳು.

ಭರತಖಂಡದ ರಂಗಭೂಮಿಯ ಚರಿತ್ರೆಯಲ್ಲಿ ದಪ್ಪ ಅಕ್ಷರದಿಂದ ಬರೆದಿಡಬೇಕಾದ ಸಂಗತಿಯೊಂದನ್ನು ತಮಗೆ ಮೊಟ್ಟಮೊದಲು ತಿಳಿಸುವ ಭಾಗ್ಯ ನನ್ನದಾಗಿದೆ. ನಿನ್ನೆ ಸಂಜೆ ಆರೂಕಾಲಕ್ಕೆ, ತುಳಶೀಬಾಗೆಯ ಗದ್ದಲದ ನಡುವೆ, ನಮ್ಮ 'ಅಡ್ಡಪರದೆ' ನಾಟಕ ಬಳಗವು ಒಂದು ಬಿಳೀ ಡಬಲ್ ಬೆಡ್‌ಶೀಟನ್ನು ಖರೀದಿಸಿತು.

ಇಂದಿನಿಂದ ಅದು ಬೆಡ್‌ಶೀಟ್ ಅಲ್ಲ, ಸ್ಕ್ರೀನ್. ನಮ್ಮ ಮಹಡಿ ಕೋಣೆಯ ಕೀಲಿಕೈ ಕಾಯುವ ಗಂಗೂಬಾಯಿ ಅದನ್ನು ಮುಟ್ಟಿ ನೋಡಿ, "ಅಂಚಿಗೆ ಹೂವಿನ ಬಳ್ಳಿ ಅದ ಅಲ್ರಿ ಸಾಹೇಬ್ರ" ಅಂದಳು. ಪ್ರಯೋಗಶೀಲ ರಂಗಭೂಮಿಯಲ್ಲಿ ಹೂವಿನ ಬಳ್ಳಿಗೂ ಅರ್ಥವಿರುತ್ತದೆ ಎಂದು ತಿಳಿಸಿ ಹೇಳಿದೆ. ಅರ್ಥ ಏನು ಅಂತ ಅವಳು ಕೇಳಲಿಲ್ಲ. ದೇವರು ದೊಡ್ಡವನು.

ಬರುವ ಮಾರ್ಚ್‌ನಲ್ಲಿ ನಮ್ಮ ಹೊಸ ಸೀಸನ್. ಮೂರು ಹೊಸ ನಾಟಕ, ಮೂರೂ ಮಲ್ಟಿಮೀಡಿಯಾ. ಒಂದರಲ್ಲಿ ಸ್ಲೈಡುಗಳು, ಇನ್ನೊಂದರಲ್ಲಿ ನಾಲ್ಕು ಟೇಪ್‌ರೆಕಾರ್ಡರುಗಳ ಮೇಳ. ಮೂರನೆಯದು ನಮ್ಮ ಕಿರೀಟದ ಮಣಿ: ನಿಮ್ಮ ಯಜಮಾನರಾದ ಮಧುಕರ ಅವರಿಗೆ ವರ್ಗವಾಗಿ ನೀವು ಇಟಾರ್ಸಿಯ ರೈಲು ಹತ್ತುವ ದಿನ ಮಧ್ಯಾಹ್ನ ವಿಡಿಯೊದಲ್ಲಿ ಹಿಡಿದಿಟ್ಟುಕೊಂಡ 'ಆ ಕಡೆಯಿಂದ'. ಗಂಡ ರಂಗದ ಮೇಲೆ, ಪುಣೆಯಲ್ಲಿ; ಹೆಂಡತಿ ಪರದೆಯ ಮೇಲೆ, ಪರ ಊರಲ್ಲಿ; ನಡುವೆ ಒಂದು ಟೆಲಿಫೋನು. ಅವತ್ತು ಗಂಡನ ಪಾತ್ರದ ನಾನು ಕ್ಯಾಮೆರಾ ಹಿಡಿದಿದ್ದರಿಂದ ನನ್ನ ಮಾತುಗಳನ್ನು ನಮ್ಮ ಪ್ರಾಂಪ್ಟರ್ ಲಾಲಪ್ಪನವರು ಪಕ್ಕದಿಂದ ಹೇಳಿದರು, ನೀವು ಉತ್ತರ ಕೊಟ್ಟಿರಿ. ಲಾಲಪ್ಪನವರನ್ನು ಗಂಡನೆಂದು ತಿಳಿದು ಅಷ್ಟು ಪ್ರೀತಿಯಿಂದ ಮಾತಾಡುವುದು ಸಾಮಾನ್ಯ ಅಭಿನಯವಲ್ಲ.

ಬಳಗದಲ್ಲಿ ಈಗ ಒಂಬತ್ತು ಜನ ಉಳಿದಿದ್ದೇವೆ. ಮೂವರಿಗೆ ಮೊಣಕಾಲು ನೋವು. ನಾನು ಭೋಸರಿಯ ಕಾರ್ಖಾನೆಯ ಆಫೀಸಿನಿಂದ ಎರಡು ಬಸ್ಸು ಬದಲಿಸಿ ಬರುವ ಹೊತ್ತಿಗೆ ನನ್ನ ಪ್ರತಿಭೆ ಸ್ವಾರಗೇಟಿನಲ್ಲೇ ಇಳಿದುಹೋಗಿರುತ್ತದೆ. ಆದರೂ ಸ್ಕ್ರೀನ್ ಬಂದಿದೆ.

ಮಧುಕರ ಅವರಿಗೆ ನಮಸ್ಕಾರ ಹೇಳಿ.

ನಿಮ್ಮ,
ಬಸವಲಿಂಗ


ಇಟಾರ್ಸಿ, ರೈಲ್ವೆ ಕ್ವಾರ್ಟರ್ಸ್
೧೭ ಡಿಸೆಂಬರ್ ೧೯೯೮

ಬಸವಲಿಂಗ ಅವರಿಗೆ,

ಬೆಡ್‌ಶೀಟಿಗೆ ನನ್ನ ಶುಭಾಶಯ. ಮೊದಲ ಸಲ ಒಗೀಬೇಕಾದ್ರ ಬಿಸಿನೀರಾಗ ಹಾಕಬ್ಯಾಡ್ರಿ, ಬಳ್ಳಿ ಬಣ್ಣ ಬಿಟ್ಟೀತು. ಅರ್ಥನೂ ಬಿಟ್ಟೀತು.

ನಿಮ್ಮ ಕಾಗದ ಇವರಿಗೆ ಓದಿ ಹೇಳಿದೆ. ಡ್ಯೂಟಿಯಿಂದ ಬಂದು ಬೂಟು ಬಿಚ್ಚಾಕತ್ತಿದ್ರು. "ಇವರ ನಾಟಕಕ್ಕಿಂತ ಇವರ ಕಾಗದ ಚಲೋ ಇರ್ತಾವ" ಅಂದ್ರು. ಮಧುಕರ ಅವರು ಹೊಗಳೋದು ಹಿಂಗ, ತಿಳ್ಕೋರಿ.

ಮನಿ ಹಿಂದ ಯಾರ್ಡ್ ಅದ. ಗೂಡ್ಸ್ ಗಾಡಿ ಡಬ್ಬಿ ಕೂಡಸೂ ಸಪ್ಪಳ ಹಗಲೂ ರಾತ್ರಿ. ಮೊದಲ ಹದಿನೈದು ದಿನ ಸಪ್ಪಳಾದ್ರ ಬೆಚ್ಚಿಬೀಳ್ತಿದ್ದೆ, ಈಗ ನಿಂತರ ಬೆಚ್ಚಿಬೀಳ್ತೀನಿ. ಈ ಓಣಿಯಾಗ ಕನ್ನಡ ಮಾತಾಡೋರು ನಾವಿಬ್ಬರ. ಇಬ್ಬರೂ ಸುಮ್ಮನ ಕೂತಾಗ ಓಣಿಯಾಗ ಕನ್ನಡನ ಇಲ್ಲ.

ನಾ ಮಾತ್ರ ಹಗುರಾಗೀನಿ ನೋಡ್ರಿ. ಹದಿನೇಳು ವರ್ಷದಾಗ ಮೊದಲ ಸಲ ನನ್ನ ನಾಟಕ ನಾನಿಲ್ಲದ ಆಗ್ತದ. ಪರದೆ ಮ್ಯಾಲಿನಾಕಿಗೆ ಜ್ವರ ಬರೂದಿಲ್ಲ, ಮಾತು ಮರೆಯೂದಿಲ್ಲ, ಕೊನೇ ಬಸ್ಸಿನ ಚಿಂತಿಲ್ಲ. ಆಕಿನ್ನ ಚಂದಾಗಿ ನೋಡಿಕೊಳ್ರಿ.

ತ್ರಿವೇಣಿ


ಪುಣೆ
೧೦ ಜನವರಿ ೧೯೯೯

ತ್ರಿವೇಣಿಯವರೆ,

ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ನಮ್ಮ ಸೀಸನ್ನಿನಲ್ಲಿ ಎರಡು ನಾಟಕ. ಸ್ಲೈಡ್ ಪ್ರೊಜೆಕ್ಟರಿನ ಮಾಲೀಕರಿಗೆ ನಾಸಿಕಕ್ಕೆ ವರ್ಗವಾಯಿತು, ಪ್ರೊಜೆಕ್ಟರ್ ಸಮೇತ. ಇದರಿಂದ ಸೀಸನ್ನಿನ ಏಕಾಗ್ರತೆ ಹೆಚ್ಚಿದೆ ಎಂದು ಬಳಗದ ಸಭೆಯಲ್ಲಿ ಠರಾವು ಮಾಡಿದ್ದೇವೆ.

ಇನ್ನು ದೊಡ್ಡ ಸಂಗತಿ. ಕಳೆದ ಭಾನುವಾರ ಒಂದು ದಿನದ ಮಟ್ಟಿಗೆ ವಿಡಿಯೊ ಪ್ರೊಜೆಕ್ಟರ್ ತಂದು, ನಿಮ್ಮ ಕ್ಯಾಸೆಟ್ ಹಾಕಿ, ಮೊದಲ ಸಲ ತಾಲೀಮು ಮಾಡಿದೆವು. ಪರದೆಯ ಮೇಲೆ ನೀವು ಬಂದಿರಿ. ಗಂಗೂಬಾಯಿ ಕೈ ಮುಗಿದಳು. ನಾನು ಫೋನೆತ್ತಿಕೊಂಡು ನಿಂತೆ. ಮುಂದೆ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನೀವು: "ಊಟ ಆತೇನ್ರಿ?"

ನಾನು: "ಊಟಾ ಅಂದ್ರ ನಿನ್ನಿ..."

ನೀವು: "ಹೌದಾ! ಮತ್ತ ನಮ್ಮ ಮನ್ಯಾಗ ಎಲ್ಲಾರೂ ಆರಾಮ?"

ನಾನು: "ನಿಮ್ಮ ಅಪ್ಪಾರು ಜಾರಿ..."

ನೀವು, ಮುಖದ ತುಂಬ ನಗುತ್ತ: "ಭಾಳ ಚಲೋ ಆತು ಬಿಡ್ರಿ."

ನಿಮ್ಮ ಅಪ್ಪಾರು ಜಾರಿ ಬಿದ್ದಿದ್ದರು, ಈಗ ಕೋಲು ಬಿಟ್ಟು ಅಡ್ಡಾಡುತ್ತಾರೆ ಎಂಬುದು ನನ್ನ ಪೂರ್ತಿ ಮಾತು. ಆದರೆ ಅವರನ್ನು ಎಬ್ಬಿಸಿ ನಿಲ್ಲಿಸಲು ನೀವು ನನಗೆ ಸಮಯವನ್ನೇ ಕೊಡುವುದಿಲ್ಲ. ಇಡೀ ನಾಟಕ ಹೀಗೇ ಇದೆ. ನಲವತ್ತೆರಡು ಕಡೆ ನನ್ನ ಮಾತಿಗೆ ಜಾಗವಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ಮುಂದಿನ ಮಾತಿಗೆ ಹೋಗಿರುತ್ತೀರಿ. ಕೊನೆಗೆ ನಾನು ಓಡುವ ಬಸ್ಸಿನ ಹಿಂದೆ ಓಡುವವನಂತೆ ಮಾತಾಡಿದೆ. ಹುಡುಗರು ನಕ್ಕು ನಕ್ಕು ನೆಲಕ್ಕೆ ಕೂತರು. ಅದು ನಗುವ ನಾಟಕವಲ್ಲ.

ತಪ್ಪು ತಿಳಿಯಬೇಡಿ. ಆ ದಿನ ನಿಮಗೆ ಊರು ಬಿಡುವ ಅವಸರ. ಮನೆ ಸಾಮಾನು ಲಾರಿಯಲ್ಲಿ, ಮನಸ್ಸು ರೈಲಿನಲ್ಲಿ. ಮಾತುಗಳು ಸ್ವಲ್ಪ ಓಡಿರಬಹುದು. ಸಹಜ.

ಒಂದೇ ಒಂದು ದಿನ ಬಂದುಹೋದರೆ ಮತ್ತೆ ಶೂಟ್ ಮಾಡಿಬಿಡೋಣ. ರೈಲ್ವೆ ಪಾಸಿನ ಮನೆತನ ನಿಮ್ಮದು. ಪ್ರಯೋಗ ಮಾರ್ಚ್ ೨೧ಕ್ಕೆ. ನೀವು ಬರದಿದ್ದರೆ 'ಆ ಕಡೆಯಿಂದ' ಇಲ್ಲ.

ಬಸವಲಿಂಗ


ಇಟಾರ್ಸಿ
೨೦ ಜನವರಿ ೧೯೯೯

ಬಸವಲಿಂಗ ಅವರಿಗೆ,

ನನ್ನ ಗಾಡಿ ಇದ್ದದ್ದು ರಾತ್ರಿ. ನಿಮ್ಮ ಕ್ಯಾಮೆರಾ ಬಂದ್ ಆದದ್ದು ನಾಕು ಗಂಟೆಗೆ. ಆಮ್ಯಾಲ ಎಲ್ಲಾರೂ ಕೂತು ಮಿಸಳ ತಿಂದ್ವಿ, ನೀವು ಎರಡು ಸಲ ತರಿಸಿಕೊಂಡ್ರಿ. ಅವಸರ ಇದ್ದಾಕಿ ಹಂಗ ಕೂಡತಿದ್ದಿಲ್ಲ.

ನನಗ ಬರಾಕ ಆಗೂದಿಲ್ಲ. ಇಲ್ಲಿ ಭಾಳ ಚಳಿ ಅದ.

ತ್ರಿವೇಣಿ


ಪುಣೆ
೭ ಫೆಬ್ರವರಿ ೧೯೯೯

ತ್ರಿವೇಣಿಯವರೆ,

ಚಳಿಯ ವಿಷಯ ತಿಳಿದು ದುಃಖವಾಯಿತು. ಇಟಾರ್ಸಿಯಲ್ಲಿ ಚಳಿ ಇದ್ದರೆ ಪುಣೆಗೆ ಬರುವುದು ಹೆಚ್ಚು ಸುಖಕರ ಎಂಬ ನನ್ನ ತರ್ಕ ನಿಮಗೆ ಹೊಳೆಯಲಿಲ್ಲವೆಂದು ಕಾಣುತ್ತದೆ.

ಸೀಸನ್ನಿನ ಏಕಾಗ್ರತೆ ಇನ್ನಷ್ಟು ಹೆಚ್ಚಿದೆ. ಈಗ ಒಂದೇ ನಾಟಕ. ನಾಲ್ಕು ಟೇಪ್‌ರೆಕಾರ್ಡರುಗಳಲ್ಲಿ ಎರಡು ಮಾತ್ರ ಒಂದೇ ವೇಗದಲ್ಲಿ ಓಡುತ್ತಿದ್ದವು. ಅವು ಯಾವ ಎರಡು ಎಂದು ಕೊನೆಯವರೆಗೂ ಗೊತ್ತಾಗಲಿಲ್ಲ.

ಇಷ್ಟು ದಿನ ನಿಮಗೆ ಒಂದು ಮಾತು ಬರೆದಿರಲಿಲ್ಲ. ನಮಗೆ ಕೋಣೆ ಕೊಟ್ಟಿರುವ ಸಂಘದ ಕಮಿಟಿಯವರು ನವೆಂಬರದಲ್ಲೇ ತಿಳಿಸಿದ್ದಾರೆ: ಮಾರ್ಚ್ ಮುಗಿಯುವುದರೊಳಗೆ ನಾವು ಒಂದಾದರೂ ಹೊಸ ಪ್ರಯೋಗ ಮಾಡದಿದ್ದರೆ ಮಹಡಿ ಕೋಣೆ ಯೋಗದ ತರಗತಿಗೆ ಹೋಗುತ್ತದೆ. ಯೋಗದವರು ಆಗಲೇ ಬಂದು ನೆಲ ಅಳೆದು ಹೋದರು. ಅವರಲ್ಲೊಬ್ಬರು ನಮ್ಮ ಪೆಟ್ಟಿಗೆಯ ಮೇಲೆ ಕೂತು, "ಹೇ ಸಗಳಂ ಕಾಢಾವಂ ಲಾಗೇಲ" ಅಂದರು. ಇದನ್ನೆಲ್ಲ ತೆಗೆಯಬೇಕಾಗುತ್ತದಂತೆ. ಇದೆಲ್ಲ ಅಂದರೆ ಹದಿನೇಳು ವರ್ಷದ ಕಿರೀಟ, ಗಡ್ಡ, ಮೀಸೆ, ನಿಮ್ಮ ಮೊದಲ ನಾಟಕದ ಕೆಂಪು ಸೀರೆ. ಬಹುಶಃ ನನ್ನನ್ನೂ ಸೇರಿಸಿಯೇ ಹೇಳಿದ್ದಿರಬಹುದು. ಆಗ ನಾನು ಪೆಟ್ಟಿಗೆಗೆ ಒರಗಿ ಕೂತಿದ್ದೆ.

ಕೋಣೆ ಹೋದರೆ ಬಳಗ ಹೋಯಿತು. ಒಂಬತ್ತು ಜನ ಯಾರ ಮನೆಯಲ್ಲಿ ಸೇರುತ್ತೇವೆ? ಭಾನುವಾರ ನನ್ನ ಮನೆಯಲ್ಲಿ ನನಗೇ ಜಾಗವಿರುವುದಿಲ್ಲ.

ನಿಮ್ಮ ನೆನಪು ಇಲ್ಲಿ ಎಷ್ಟು ಗಾಢವಾಗಿದೆ ಅಂದರೆ, ಹೋದ ಭಾನುವಾರ ತಾಲೀಮಿನ ಹೊತ್ತಿಗೆ ಗಂಗೂಬಾಯಿ ನಿಮ್ಮನ್ನು ಕಂಡಳಂತೆ. "ತ್ರಿವೇಣಿತಾಯಿ ಮೆಟ್ಟಲ ಮ್ಯಾಲ ನಿಂತಿದ್ರು ಸಾಹೇಬ್ರ. ಚಪ್ಪಲಿ ಕೈಯಾಗ ಹಿಡಕೊಂಡಿದ್ರು" ಅಂದಳು. ಕನ್ನಡಕ ಬದಲಿಸು ಅಂತ ಹೇಳಿದೆ.

ಮತ್ತೊಮ್ಮೆ ಕೇಳುತ್ತೇನೆ. ಒಂದು ದಿನ ಬನ್ನಿ.

ಬಸವಲಿಂಗ


ಇಟಾರ್ಸಿ
೧೭ ಫೆಬ್ರವರಿ ೧೯೯೯

ಬಸವಲಿಂಗ ಅವರಿಗೆ,

ಗಂಗೂಬಾಯಿ ಕನ್ನಡಕ ಬದಲಿಸೋದು ಬ್ಯಾಡ. ಆಕಿ ಕಣ್ಣು ಚಲೋ ಅದಾವ.

ಬರೂದಿಲ್ಲಾ ಅಂತ ನಿಮಗ ಬರದು ಹತ್ತು ದಿನಕ್ಕ ಬಂದೆ. ಪಿಂಪ್ರಿಯಾಗ ತಂಗಿ ಮನ್ಯಾಗ ಇಳದು, ಭಾನುವಾರ ಮಧ್ಯಾಹ್ನ ಹೇಳದ ಕೇಳದ ನಿಮ್ಮೆಲ್ಲರ ಮುಂದ ನಿಲ್ಲಬೇಕು ಅಂತ ಮೆಟ್ಟಲ ಹತ್ತಿದೆ. ಸಪ್ಪಳ ಆಗಬಾರದು ಅಂತ ಚಪ್ಪಲಿ ಕೈಯಾಗ ಹಿಡಿದಿದ್ದೆ. ಬಾಗಿಲದಾಗ ಬಂದರ ಒಳಗ ನನ್ನ ಮಾತು ಕೇಳಿಸ್ತು. ನನ್ನ ದನಿ ಅಲ್ಲ, ನನ್ನ ಮಾತು. ನಮ್ಮ ಬಳಗದ ಹುಡುಗಿ ಅಪೇಕ್ಷಾ ಹೇಳಾಕತ್ತಿದ್ಲು. ನೀವು ಫೋನ್ ಹಿಡಕೊಂಡು ಆಕಿ ಕಡೆ ನೋಡಿ ನಗಾಕತ್ತಿದ್ರಿ. ಹುಡುಗಿ ಚಂದ ಹೇಳ್ತಾಳ. ಸುಳ್ಳ್ಯಾಕ ಹೇಳಲಿ, ಮೊದಲು ಹಾಯ್ ಅನಿಸ್ತು. ಇನ್ನ ನಾ ಬ್ಯಾಡ, ಮನಿಗೆ ಹೋಗಬಹುದು ಅಂತ. ಮೂರು ಮೆಟ್ಟಲ ಇಳಿಯೋದ್ರಾಗ ಆ ಹಾಯ್ ಅನಿಸಿದ್ದು ಹೋತು. ತಿಲಕ ರಸ್ತೆ ಮೂಲ್ಯಾಗ ಚಹಾ ತಗೊಂಡು ನಿಂತೆ. ಕುಡಿಯೋದು ಮರತು ತಣ್ಣಗ ಮಾಡಿ ಚೆಲ್ಲಿದೆ.

ಅಪೇಕ್ಷಾನ್ನ ಹಾಕ್ರಿ. ನನಗೇನೂ ಬ್ಯಾಸರಿಲ್ಲ. ಆದರ ಆಕಿನ್ನ ಹಾಕಿದ ಮ್ಯಾಲ ಮತ್ತ ನನಗ ಬಾ ಅಂತ ಯಾಕ ಬರೀತೀರಿ, ಅದಷ್ಟ ತಿಳೀಲಿಲ್ಲ.

ಇನ್ನೊಂದು ಮಾತು. ಇದು ಬ್ಯಾಸರದ ಮಾತಲ್ಲ, ಸಿಟ್ಟಿನ ಮಾತು. ಅವಸರ ಮಾಡಿದೆ ಅಂದ್ರಲ್ಲ, ಅದು ಹೊಟ್ಟ್ಯಾಗ ಕೂತಿತ್ತು. ಮೊನ್ನೆ ಇವರ ಕೈಯಾಗ ನನ್ನ ನಾಟಕದ ಪ್ರತಿ ಕೊಟ್ಟು, ಅಡಗೀಮನ್ಯಾಗ ಕೂಡಿಸಿ, ಗಂಡನ ಮಾತು ಓದಸಿದೆ. ಇವರು ಪ್ರತಿ ಮಾತೂ ಪೂರಾ ಓದಾಕತ್ತಿದ್ರು. ಪ್ರತಿ ಮಾತಿಗೂ ಮೂರನೇ ಶಬ್ದಕ್ಕ ನನ್ನ ಬಾಯಿ ತಾನಾಗೇ ತೆಗೀತಿತ್ತು. ಆರನೇ ಸಲಕ್ಕ ಇವರು ಕನ್ನಡಕ ತಗದು, "ನನ್ನ ಮಾತು ಇನ್ನೂ ಮುಗಿದಿಲ್ಲ" ಅಂದ್ರು. ಹದಿನೆಂಟು ವರ್ಷದ ಸಂಸಾರದಾಗ ಈ ಮಾತು ಅವತ್ತ ಮೊದಲ ಸಲ ಹೇಳಿದ್ರು.

ಅವಾಗ ಹೊಳೀತು. ಬಸವಲಿಂಗ ಅವರ, ಆ ದಿನ ನಿಮ್ಮ ಮಾತು ಹೇಳಿದವರು ಯಾರು? ಲಾಲಪ್ಪನವರು. ಲಾಲಪ್ಪನವರು ಹುಟ್ಟಿದಾಗಿಂದ ಯಾವತ್ತರೆ ಒಂದು ಮಾತು ಪೂರಾ ಹೇಳ್ಯಾರೇನ್ರಿ? ಮೊದಲಿನ ಮೂರು ಶಬ್ದ ಪಿಸುಗುಡತಾರ, ಸುಮ್ಮನಾಗ್ತಾರ. ಪ್ರಾಂಪ್ಟರ್ ಕೆಲಸನ ಅದು. ಅವತ್ತೂ ಹಂಗ ಮಾಡಿದ್ರು. ಅವರು ಸುಮ್ಮನಾದ ಕೂಡಲೆ ನಾ ಶುರು ಮಾಡಿದೆ. ಹದಿನೇಳು ವರ್ಷದಾಗ ನನಗ ಅದ ರೂಢಿ. ನಿಮ್ಮ ಕಣ್ಣು ಕ್ಯಾಮೆರಾದಾಗ ಇತ್ತು, ಕಿವಿ ಎಲ್ಲಿತ್ತೋ.

ಅವಸರ ಮಾಡಿಲ್ಲ ನಾನು. ಇಷ್ಟ ಹೇಳೋದಿತ್ತು.

ತ್ರಿವೇಣಿ


ಪುಣೆ
೨೮ ಫೆಬ್ರವರಿ ೧೯೯೯

ತ್ರಿವೇಣಿಯವರೆ,

ನಿಮ್ಮ ಪತ್ರವನ್ನು ಬಸ್ಸಿನಲ್ಲಿ ನಿಂತು ಓದಿದೆ. ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋದೆ. ನಡೆದು ಹಿಂದೆ ಬರುವಾಗ ಮತ್ತೊಮ್ಮೆ ಓದಿದೆ.

ಮೊದಲು ಅಪೇಕ್ಷಾ. ಪ್ರೊಜೆಕ್ಟರ್ ನಮಗೆ ಇನ್ನು ಸಿಗುವುದು ಪ್ರಯೋಗದ ದಿನ ಮಾತ್ರ. ಹೀಗಾಗಿ ಪ್ರತಿ ತಾಲೀಮಿನಲ್ಲೂ ಆ ಹುಡುಗಿ ಸ್ಕ್ರೀನಿನ ಪಾತ್ರ ಮಾಡುತ್ತಾಳೆ. ಬೆಡ್‌ಶೀಟಿನ ಎರಡು ತುದಿ ಹಿಡಿದು, ಮೇಲಿಂದ ತಲೆ ಹೊರಗೆ ಹಾಕಿ ನಿಮ್ಮ ಮಾತು ಹೇಳುತ್ತಾಳೆ. ನೀವು ಬಾಗಿಲಿನಿಂದ ತಲೆಯೊಂದನ್ನೇ ಕಂಡಿರಬೇಕು. ನಾನು ನಕ್ಕದ್ದು ಅವಳ ಕೈ ನೋವಾಗಿ ಬೆಡ್‌ಶೀಟು ಜಾರುತ್ತಿದ್ದುದಕ್ಕೆ. ಮಾರ್ಚ್ ೨೧ರ ಮರುದಿನ ಅವಳಿಗೆ ಎಂ.ಕಾಂ. ಪರೀಕ್ಷೆ. ಆ ದಿನ ಅವಳು ಇಲ್ಲವೇ ಇಲ್ಲ. ನಿಮ್ಮ ಜಾಗದಲ್ಲಿ ಯಾರನ್ನೂ ಹಾಕಿರಲಿಲ್ಲ.

ಎರಡನೆಯದು ಲಾಲಪ್ಪನವರು. ಕೇಳಿದೆ. ಮಿಲ್ಲಿನಿಂದ ನಿವೃತ್ತರಾದ ಮೇಲೆ ಅವರು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ.

"ಪೂರಾ ಮಾತು ಹೇಳಬೇಕಿತ್ತೇನ್ರಿ ನಾನು?"

"ಹೌದಲ್ರಿ. ನನ್ನ ಬದಲಿಗೆ ನಿಂತಿದ್ರಲ್ಲ."

"ನಾ ಪ್ರಾಂಪ್ಟರ್ ಅದೀನಿ, ಪಾತ್ರಧಾರಿ ಅಲ್ಲ. ಮೂರು ಶಬ್ದದ ಮ್ಯಾಲ ಹೇಳಿದ್ರ ಅಧಿಕಪ್ರಸಂಗ ಆಗ್ತದ. ನಾಕನೇ ಶಬ್ದ ನಟರದು. ನಮ್ಮ ಗುರುಗಳು ಹಂಗ ಕಲಿಸ್ಯಾರ."

"ಕ್ಯಾಮೆರಾದ ಮುಂದನೂ?"

"ನನಗ ಬ್ಯಾರೆ ಹೇಳ್ಬೇಕು ಅಂತ ಯಾರರೆ ಹೇಳಿದ್ರೇನು?"

ಯಾರೂ ಹೇಳಿರಲಿಲ್ಲ. ನಾನೇ ಹೇಳಬೇಕಿತ್ತು. ಅವರು ಕಿಟಕಿಯ ಕಡೆ ತಿರುಗಿ, "ನನ್ನಿಂದ ಆಯಮ್ಮನ ಮ್ಯಾಲ ತಪ್ಪು ಬಂತು" ಅಂದರು. ತಾವಾಗಿಯೇ ಹೇಳಿದ ಆ ಮಾತಿನಲ್ಲಿ ಐದು ಶಬ್ದಗಳಿದ್ದವು.

ಮೂರನೆಯದು ಬರೆಯುವುದು ಕಷ್ಟ. ತ್ರಿವೇಣಿಯವರ ಅವಸರದಿಂದ ಹೀಗಾಯಿತು ಎಂದು ನಾನು ನಿಮಗಷ್ಟೇ ಬರೆದಿರಲಿಲ್ಲ. ಬಳಗದ ಎಲ್ಲರಿಗೂ ಹೇಳಿದ್ದೆ. ಕಮಿಟಿಯವರಿಗೂ ಹೇಳಿದ್ದೆ, ಸ್ವಲ್ಪ ಬಣ್ಣ ಕಟ್ಟಿಯೇ. ದೂರ ಇದ್ದವರ ಮೇಲೆ ಹಾಕಿದರೆ ಹತ್ತಿರದವರ ಮುಖ ನೋಡುವುದು ಸುಲಭ. ಇವತ್ತು ತಾಲೀಮಿಗೆ ಮೊದಲು ಎದ್ದು ನಿಂತು, ತಪ್ಪು ನಿಮ್ಮದಲ್ಲ, ನನ್ನದು ಎಂದು ಹೇಳಿದೆ. ಗಂಗೂಬಾಯಿ, "ನಾ ಮೊದಲ ಹೇಳಿದ್ನಿ ಅಲ್ರಿ, ಮೆಟ್ಟಲ ಮ್ಯಾಲ ಇದ್ರು ಅಂತ" ಅಂದಳು.

ಇನ್ನು ನಿಮಗೆ ಬಾ ಅನ್ನುವುದಿಲ್ಲ. ಮೂರು ವಾರ ಉಳಿದಿದೆ. ದಣಿದಿದ್ದೇನೆ, ನಿಜ ಹೇಳಬೇಕೆಂದರೆ. ಭೋಸರಿಯ ಬಸ್ಸಿನಲ್ಲಿ ಸೀಟು ಸಿಕ್ಕ ದಿನ ನಾಟಕ ಯಾಕೆ ಬೇಕು ಅನ್ನಿಸುತ್ತದೆ. ಸಿಗದ ದಿನ ಬೇಕು ಅನ್ನಿಸುತ್ತದೆ. ಯೋಗದವರೂ ಒಳ್ಳೆಯ ಜನವೇ. ಅವರಿಗೂ ಮಹಡಿ ಬೇಕಲ್ಲ.

ಕ್ಷಮೆ ಇರಲಿ.

ಬಸವಲಿಂಗ


ಇಟಾರ್ಸಿ
೮ ಮಾರ್ಚ್ ೧೯೯೯

ಬಸವಲಿಂಗ ಅವರಿಗೆ,

ನಿಮ್ಮ ಕಾಗದದಾಗ ಮೊದಲ ಸಲ ನಗೂ ಮಾತು ಕಡಿಮಿ ಇದ್ದವು. ಇವರು ಕೇಳಿದ್ರು, "ಆರಾಮ ಅದಾರಿಲ್ಲೋ ಅವರು?" ಅಂತ.

ಬರೂದಿಲ್ಲ ಅನ್ನೋದು ಇವತ್ತೂ ಖರೆ. ಈ ವರ್ಷದ ಪಾಸು ನಿಮ್ಮ ಮೆಟ್ಟಲ ತನಕ ಬಂದು ಹೋಗೋದ್ರಾಗ ಮುಗೀತು. ಟಿಕೀಟು ತಗಸಿ ಬರಬಹುದು, ಇವರು ಇಲ್ಲ ಅನ್ನೂದಿಲ್ಲ. ಆದರ ನನಗ ತ್ರಾಣ ಇಲ್ಲ. ಬಣ್ಣ ಹಚ್ಚಿ, ಅದ ಸೀರಿ ಉಟ್ಟು, ಅದ ನಗು ಮತ್ತ ತಂದು ಕ್ಯಾಮೆರಾದ ಮುಂದ ಇಡಾಕ ಆಗೂದಿಲ್ಲ. ನೀವು ದಣದೀನಿ ಅಂದ್ರಿ. ನೀವೊಬ್ಬರ ಅಂತ ತಿಳ್ಕೋಬ್ಯಾಡ್ರಿ.

ಆದರ ಒಂದು ಮಾತು ಮುಚ್ಚಿಟ್ಟಿದ್ದೆ. ನಮ್ಮ ಮನಿಗೆ ಫೋನ್ ಬಂದದ. ಜನವರಿಯಾಗ ಬಂತು. ನಿಮಗ ತಿಳಿಸಿದ್ರ ಕಾಗದ ಬರೆಯೋದು ಬಿಟ್ಟು ಫೋನ್ ಮಾಡ್ತೀರಿ, "ಆರಾಮಾ?" "ಆರಾಮ" ಅಂದು ಇಡ್ತೀರಿ. ಅದಕ್ಕ ಹೇಳಲಿಲ್ಲ.

ನಾಟಕದಾಗ ಹೆಂಡತಿ ಎಲ್ಲಿದ್ದಾಳ? ಪರ ಊರಾಗ. ಏನು ಮಾಡ್ತಾಳ? ಫೋನಿನ್ಯಾಗ ಮಾತಾಡ್ತಾಳ. ನಾ ಎಲ್ಲಿದ್ದೀನಿ? ಈ ಕ್ಯಾಸೆಟ್ ಯಾಕ ಬೇಕ್ರಿ ನಿಮಗ? ೨೧ನೇ ತಾರೀಖು ಏಳು ಗಂಟೆಗೆ ರಂಗದ ಮ್ಯಾಲಿಂದ ನಮ್ಮ ಮನಿಗೆ ಫೋನ್ ಹಚ್ರಿ. ನನ್ನ ದನಿ ಮಂದಿಗೆ ಕೇಳಿಸೂವಂಗ ಮೈಕಿಗೆ ಹೆಂಗ ಜೋಡಸಬೇಕು ಅನ್ನೋದು ನಿಮ್ಮ ಪ್ರಯೋಗಶೀಲ ತಲಿಗೆ ಬಿಟ್ಟದ್ದು. ಅಡಗೀಮನ್ಯಾಗ ನಿಂತು ಇಡೀ ನಾಟಕ ಆಡ್ತೀನಿ. ಬಣ್ಣ ಬ್ಯಾಡ, ನಗು ಬ್ಯಾಡ, ಯಾರೂ ನೋಡೂದಿಲ್ಲ. ಗೂಡ್ಸ್ ಗಾಡಿ ಸಪ್ಪಳ ಬಂದ್ರ ಬರಲಿ, ಪರ ಊರು ಅಂದ ಮ್ಯಾಲ ಸಪ್ಪಳ ಇರ್ತದ.

ಒಂದು ಮಾತ್ರ ಹೆದರಿಕಿ ಅದ. ಮಾತು ಮರತರ? ಹದಿನೇಳು ವರ್ಷದಾಗ ಲಾಲಪ್ಪನವರಿಲ್ಲದ ನಾ ಒಂದು ನಾಟಕನೂ ಮಾಡಿಲ್ಲ. ಇವರು ಪ್ರಾಂಪ್ಟ್ ಮಾಡ್ತೀನಿ ಅಂತಾರ, ಆದರ ಇವರು ಪೂರಾ ಮಾತು ಓದತಾರ.

ನೀವು ಸಾವಕಾಶ ಮಾತಾಡ್ರಿ. ಈ ಸಲ ನೀವು ಮುಗಸೂತನಕ ನಾ ಕಾಯ್ತೀನಿ.

ತ್ರಿವೇಣಿ


ಪುಣೆ
೧೩ ಮಾರ್ಚ್ ೧೯೯೯
ಸ್ಪೀಡ್ ಪೋಸ್ಟ್

ತ್ರಿವೇಣಿಯವರೆ,

ಕೆಳಗಿನ ಎಸ್‌ಟಿಡಿ ಬೂತಿನ ಸ್ವಪ್ನಿಲ್ ಒಪ್ಪಿದ್ದಾನೆ. ಬೂತಿನಿಂದ ಕಿಟಕಿಯ ಮೂಲಕ ಮಹಡಿಗೆ ವಯರು ಎಳೆದಾಯಿತು. ಅವನದೊಂದೇ ಷರತ್ತು: ಬೂತಿನ ಹಳದಿ ಬೋರ್ಡು ರಂಗದ ಮೇಲೆ ಕಾಣಬೇಕು. ಗಂಡನ ತಲೆಯ ಮೇಲೇ ತೂಗುಹಾಕಿದ್ದೇವೆ. ಪ್ರೇಕ್ಷಕರು ಅದರಲ್ಲೂ ಅರ್ಥ ಹುಡುಕುತ್ತಾರೆ, ಹುಡುಕಲಿ. "ಕಾಕಾ, ಲಾಯಿನ್ ಕಟ್ ಝಾಲೀ ತರ?" ಅಂತ ಅವನು ಕೇಳಿದ. ಲೈನು ಕಟ್ಟಾದರೆ ಮತ್ತೆ ಹಚ್ಚುವುದು, ಗಂಡಂದಿರು ಅದನ್ನೇ ಮಾಡುತ್ತಾರೆ ಅಂದೆ.

ಕರಪತ್ರದಲ್ಲಿ ಮಲ್ಟಿಮೀಡಿಯಾ ಎಂದು ಅಚ್ಚಾಗಿದೆ. ಟೆಲಿಫೋನೂ ಮೀಡಿಯಾ ಎಂದು ಕಮಿಟಿಗೆ ಅರ್ಧ ಗಂಟೆ ವಿವರಿಸಿದೆ. ಅಧ್ಯಕ್ಷರು ಆಕಳಿಸಿ, "ಮಾಡ್ರಿ, ಮಾಡ್ರಿ" ಅಂದರು. ಮಹಡಿ ಕೋಣೆ ಈ ವರ್ಷದ ಮಟ್ಟಿಗೆ ನಮ್ಮದೇ, ೨೧ರ ಸಂಜೆ ನೀವು ಫೋನೆತ್ತಿದರೆ.

ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಯಾರಿಗೂ ಓದಿ ಹೇಳಿಲ್ಲ. ಹೆದರಿಕೆಯ ಸಾಲನ್ನು ಮಾತ್ರ ಲಾಲಪ್ಪನವರ ಎದುರು ಓದಿದೆ. ಅವರು ಎದ್ದು ಹೋದರು. ಮರುದಿನ ಬಂದಾಗ ಕೈಯಲ್ಲಿ ಇಟಾರ್ಸಿಯ ಟಿಕೀಟು ಇತ್ತು. ಎಪ್ಪತ್ತೊಂದು ವಯಸ್ಸು, ಶಿರೂರಿನ ಆಚೆ ಹೋಗಿ ಇಪ್ಪತ್ತು ವರ್ಷವಾಗಿದೆ. ಬೇಡ ಎಂದು ಎಲ್ಲರೂ ಹೇಳಿದೆವು. "ಆಯಮ್ಮ ಮಾತು ಮರತರ ಅಲ್ಲಿ ಯಾರು ಅದಾರ?" ಅಂದರು. ಫೋನಿನಿಂದ ನಾಲ್ಕು ಅಡಿ ದೂರ ಕೂಡುತ್ತಾರಂತೆ. ಮೂರೇ ಶಬ್ದ.

ಅದಕ್ಕಾಗಿ ಒಂದು ಸಣ್ಣ ಉಪಕಾರ ಆಗಬೇಕು. ಅವರು ಶುಕ್ರವಾರ ೧೯ರಂದು ಬಂದಿಳಿಯುತ್ತಾರೆ, ಎಸ್-ನಾಲ್ಕನೇ ಬೋಗಿ. ಹಿಂದಿ ಬರುವುದಿಲ್ಲ, ಯಾರನ್ನೂ ದಾರಿ ಕೇಳುವುದಿಲ್ಲ, ಎದುರಿನವರು ತಡವರಿಸದ ಹೊರತು ತಾವಾಗಿ ಬಾಯಿ ಬಿಡುವವರಲ್ಲ. ದಯವಿಟ್ಟು ಮಧುಕರ ಅವರನ್ನು ಪ್ಲಾಟ್‌ಫಾರ್ಮಿಗೆ ಕಳಿಸಿ, ಬೋಗಿಯ ಬಾಗಿಲಲ್ಲಿ ನಿಂತು ಅವರ ಹೆಸರನ್ನು ಗಟ್ಟಿಯಾಗಿ ಕೂಗಲು ಹೇಳಿ.

ಬಸವಲಿಂಗ